ಮನೆಯ ಅಡುಗೆಮನೆಗೆ ಇಂಡಸ್ಟ್ರಿಯಲ್ ಶೈಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೀಲು, ಕಬ್ಬಿಣ, ಇಟ್ಟಿಗೆ, ಕಾಂಕ್ರೀಟು, ಮರ. ಇಂಡಸ್ಟ್ರಿಯಲ್ ಶೈಲಿಯ ಅಡುಗೆಮನೆಗೆ ಬೇಕಾದ ಸಾಮಗ್ರಿ ಇಷ್ಟೇ. ಕಷ್ಟ ಇರುವುದು ಬೇರೆ ಕಡೆ. ಮಾಮೂಲಿ ಅಡುಗೆಮನೆಯಲ್ಲಿ ವೆಲ್ಡಿಂಗಿನ ಗಂಟು, ಗೋಡೆಯ ಓರೆಕೋರೆ, ವೈರು ಹೋದ ದಾರಿ ಎಲ್ಲವೂ ಲ್ಯಾಮಿನೇಟಿನ ಹಿಂದೆ ಅಡಗಿಬಿಡುತ್ತವೆ. ಇಲ್ಲಿ ಅಡಗಿಸಲು ಜಾಗವೇ ಇಲ್ಲ. ಕಣ್ಣಿಗೆ ಬೀಳುವ ಪ್ರತಿ ಜೋಡಣೆಯೂ ಸರಿಯಾಗಿರಬೇಕು. ಅದಕ್ಕೇ ಈ ಉತ್ತರಗಳಲ್ಲಿ ಬಣ್ಣಕ್ಕಿಂತ ತುಕ್ಕು, ಜಿಡ್ಡು, ಭಾರ, ಅರ್ಥಿಂಗ್ ಬಗ್ಗೆಯೇ ಹೆಚ್ಚು ಮಾತಿದೆ.

ಇಂಡಸ್ಟ್ರಿಯಲ್ ಶೈಲಿ ಎಂದರೆ ನಿಜವಾಗಿ ಏನು?

ಖಾಲಿ ಬಿದ್ದ ಕಾರ್ಖಾನೆಗಳಲ್ಲಿ ಜನ ವಾಸಕ್ಕೆ ಬಂದಾಗ ಹುಟ್ಟಿದ ಶೈಲಿ ಇದು. 1960ರ ದಶಕದಲ್ಲಿ ನ್ಯೂಯಾರ್ಕಿನ ಸೋಹೋ ಭಾಗದ ಹಳೆಯ ಕಾರ್ಖಾನೆ, ಗೋದಾಮುಗಳ ಮಹಡಿಗಳನ್ನು ಕಲಾವಿದರು ಕಡಿಮೆ ಬಾಡಿಗೆಗೆ ಹಿಡಿದರು. ಅಲ್ಲಿ ವಾಸ ಮಾಡುವುದು ಕಾನೂನುಬದ್ಧವಾಗಿರಲಿಲ್ಲ. 1971ರಲ್ಲಿ ನಗರದ ವಲಯ ನಿಯಮ ಬದಲಾಗಿ ಕಲಾವಿದರಿಗೆ ಅನುಮತಿ ಸಿಕ್ಕಿತು. ಪೈಪು, ಕಂಬ, ಇಟ್ಟಿಗೆಗಳನ್ನು ಅವರು ಅಲಂಕಾರಕ್ಕೆಂದು ತೆರೆದಿಡಲಿಲ್ಲ, ಮುಚ್ಚಲು ಹಣವಿರಲಿಲ್ಲ. ಹಾಗಾಗಿ ಒಂದು ವಸ್ತು ಈ ಶೈಲಿಗೆ ಒಪ್ಪುತ್ತದೆಯೇ ಎಂದು ತೂಗಿನೋಡಲು ಒಂದೇ ಪ್ರಶ್ನೆ ಸಾಕು: ಅದು ಏನಾದರೂ ಕೆಲಸ ಮಾಡುತ್ತಿದೆಯೇ? ಭಾರ ಹೊರುವ ಪೈಪು ಚೆನ್ನ. ಗೋಡೆಗೆ ಅಂಟಿಸಿದ, ತಿರುಗದ ಹಲ್ಲಿನ ಚಕ್ರ ಬೇಡ.

ಚಿಕ್ಕ ಅಡುಗೆಮನೆಗೂ ಹೊಂದುತ್ತದೆಯೇ?

ಹೊಂದುತ್ತದೆ, ಕಪ್ಪನ್ನು ಹತೋಟಿಯಲ್ಲಿಟ್ಟರೆ. ಕಪ್ಪು ಚೌಕಟ್ಟು, ಕಪ್ಪು ಟೈಲ್ಸ್, ಬೂದು ಗೋಡೆ ಎಲ್ಲ ಒಟ್ಟಿಗೆ ಸೇರಿದರೆ ಬೆಳಕೆಲ್ಲ ಹೀರಿಹೋಗಿ ಹಗಲಲ್ಲೇ ದೀಪ ಹಾಕಬೇಕಾಗುತ್ತದೆ. ಗೋಡೆ, ಸೂರು ತಿಳಿಬಣ್ಣದಲ್ಲಿರಲಿ. ಕಪ್ಪು ಬಣ್ಣ ಚೌಕಟ್ಟು, ಹಿಡಿಕೆ, ದೀಪಗಳಂಥ ತೆಳು ಗೆರೆಗಳಿಗೆ ಮಾತ್ರ ಇರಲಿ. ಒಂದು ಕೋಣೆಗೆ ಮೂರಕ್ಕಿಂತ ಹೆಚ್ಚು ಮುಖ್ಯ ಸಾಮಗ್ರಿ ತರಬೇಡಿ. ಸ್ಟೀಲು, ಮರ, ಬಿಳಿ ಟೈಲ್ಸ್ ಸೇರಿದರೆ ಚಿಕ್ಕ ಜಾಗಕ್ಕೆ ಬಹಳ ಚೆನ್ನಾಗಿ ಕೂರುತ್ತದೆ. ಕಾಲುಗಳ ಮೇಲೆ ನಿಂತ, ಕೆಳಗೆ ನೆಲ ಕಾಣುವ ಸ್ಟೀಲ್ ಮೇಜು ಮುಚ್ಚಿದ ಕಪಾಟಿಗಿಂತ ಜಾಗವನ್ನು ದೊಡ್ಡದಾಗಿ ತೋರಿಸುತ್ತದೆ.

ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿಸಬೇಕು?

ವಿದ್ಯುತ್ ಮತ್ತು ನೀರಿನ ಪೈಪು ಮೊದಲು. ನಂತರ ಗೋಡೆಯ ಇಟ್ಟಿಗೆ ಇಲ್ಲವೇ ಪ್ಲಾಸ್ಟರ್ ಸ್ವಚ್ಛಗೊಳಿಸಿ ಸೀಲರ್ (ನೀರು, ಜಿಡ್ಡು ಇಂಗದಂತೆ ತಡೆಯುವ ಲೇಪ), ಆಮೇಲೆ ನೆಲ, ನಂತರ ಕಬ್ಬಿಣದ ಚೌಕಟ್ಟು, ಕಟ್ಟೆ, ಕೊನೆಗೆ ಮರದ ಹಲಗೆ. ವೆಲ್ಡಿಂಗನ್ನು ಅಡುಗೆಮನೆಯ ಒಳಗೆ ಮಾಡಲು ಬಿಡಲೇಬೇಡಿ. ಗ್ರೈಂಡರಿನಿಂದ ಹಾರುವ ಕಿಡಿ ಎಂದರೆ ಬಿಸಿ ಕಬ್ಬಿಣದ ಚೂರು. ಅದು ಟೈಲ್ಸ್ ಮತ್ತು ಕಿಟಕಿಯ ಗಾಜಿಗೆ ಕಚ್ಚಿಕೊಂಡರೆ ಉಜ್ಜಿದರೂ ಹೋಗುವುದಿಲ್ಲ. ಸ್ಟೀಲಿನ ಮೇಲೆ ಬಿದ್ದರೆ ಕೆಲವೇ ದಿನದಲ್ಲಿ ಕಂದು ಚುಕ್ಕೆಯಾಗುತ್ತದೆ. ಚೌಕಟ್ಟುಗಳನ್ನು ಹೊರಗೆ ಬೆಸೆದು, ಬಣ್ಣ ಹಚ್ಚಿ, ಒಳಗೆ ಬೋಲ್ಟಿನಿಂದ ಜೋಡಿಸಿದರೆ ಸಾಕು.

ಸ್ಟೇನ್‌ಲೆಸ್ ಸ್ಟೀಲ್ ಕಟ್ಟೆಗೆ ಯಾವ ದರ್ಜೆ, ಎಷ್ಟು ದಪ್ಪ?

ದರ್ಜೆ 304. ಇದರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಸಮುದ್ರದ ಉಪ್ಪುಗಾಳಿ ಬೀಸುವ ಮನೆಯಾದರೆ ಮಾಲಿಬ್ಡಿನಂ ಸೇರಿದ 316 ಒಳ್ಳೆಯದು. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 201, 202 ದರ್ಜೆಗಳು ನೋಡಲು ಹಾಗೇ ಇರುತ್ತವೆ, ಆದರೆ ಸಿಂಕಿನ ಸುತ್ತ ಬೇಗ ಕಲೆಗಟ್ಟುತ್ತವೆ. ಆಯಸ್ಕಾಂತ ಹಿಡಿದು ಪರೀಕ್ಷಿಸಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ ಇದೆ, ಅದು ಸರಿಯಲ್ಲ. 304 ಮತ್ತು 202 ಎರಡಕ್ಕೂ ಆಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ, ಮಡಚಿದ ಅಂಚಿನಲ್ಲಿ 304 ಕೂಡ ಸ್ವಲ್ಪ ಸೆಳೆಯುತ್ತದೆ. ಹಾಳೆಯ ಮೇಲಿನ ಮುದ್ರೆ ಮತ್ತು ಬಿಲ್ಲಿನಲ್ಲಿ ಬರೆದ ದರ್ಜೆ ಇವೆರಡನ್ನೇ ಕೇಳಿ ಪಡೆಯಿರಿ.

ದಪ್ಪ 1.2 ಮಿ.ಮೀ. ಸಾಕು, 1.5 ಇನ್ನೂ ಗಟ್ಟಿ. ಆದರೆ ದಪ್ಪಕ್ಕಿಂತ ಮುಖ್ಯವಾದದ್ದು ಹಾಳೆಯ ಕೆಳಗೆ ಏನಿದೆ ಎಂಬುದು. ಬರೀ ಹಾಳೆಯ ಮೇಲೆ ಪಾತ್ರೆ ಇಟ್ಟರೆ ತಮಟೆಯಂತೆ ಸದ್ದು ಮಾಡುತ್ತದೆ, ನಡುವೆ ತಗ್ಗೂ ಬೀಳುತ್ತದೆ. ಅಡಿಯಲ್ಲಿ 18 ಮಿ.ಮೀ. ನೀರು ತಡೆಯುವ ಪ್ಲೈವುಡ್ ಇಟ್ಟು, ಹಾಳೆಯ ಪೂರ್ತಿ ಅಗಲಕ್ಕೂ ಅಂಟು ಹಚ್ಚಿಸಿ. ನಾಲ್ಕು ಮೂಲೆಗೆ ಚುಕ್ಕೆ ಇಟ್ಟರೆ ಸಾಲದು. ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆ, ವಿಶೇಷವಾಗಿ ಸಿಂಕಿನ ತೂತಿನ ಸುತ್ತ, ಎರಡು ಕೈ ವಾರ್ನಿಶ್ ಬೀಳಲೇಬೇಕು. ಕಟ್ಟೆ ಹಾಳಾಗುವುದು ಮೇಲಿನಿಂದಲ್ಲ, ಈ ಕಾಣದ ಅಂಚಿನಿಂದ.

ಮುಂದಿನ ಅಂಚನ್ನು 40 ಮಿ.ಮೀ. ಕೆಳಕ್ಕೆ ಮಡಚಿ ತುದಿಯನ್ನು ಒಳಕ್ಕೆ ಸುತ್ತಿಸಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಗೋಡೆಯ ಕಡೆ 100 ಮಿ.ಮೀ. ಮೇಲಕ್ಕೆ ಎದ್ದಿರಲಿ. ಬಿಸಿಗೆ ಸ್ಟೀಲು ಹಿಗ್ಗುತ್ತದೆ: 3 ಮೀಟರ್ ಉದ್ದದ ಹಾಳೆ 30 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಮಿ.ಮೀ. ಉದ್ದವಾಗುತ್ತದೆ. ಎರಡೂ ತುದಿಗಳಲ್ಲಿ 2–3 ಮಿ.ಮೀ. ಸಂದು ಬಿಟ್ಟು ಸಿಲಿಕೋನ್ ತುಂಬಿಸಿ.

ಕೆಲಸ ಶುರುವಾಗುವ ಮುನ್ನವೇ ಫ್ಯಾಬ್ರಿಕೇಟರಿಗೆ ಒಂದು ಮಾತು ಹೇಳಿ: ಮಾಮೂಲಿ ಕಬ್ಬಿಣಕ್ಕೆ ಬಳಸಿದ ಗ್ರೈಂಡಿಂಗ್ ಡಿಸ್ಕು, ತಂತಿ ಬ್ರಷ್ಷು ಈ ಸ್ಟೀಲಿಗೆ ತಾಗಬಾರದು, ಹೊಸದನ್ನೇ ಹಾಕಬೇಕು. ಹಳೆಯ ಡಿಸ್ಕಿನಲ್ಲಿ ಅಂಟಿದ್ದ ಕಬ್ಬಿಣದ ಪುಡಿ ಸ್ಟೀಲಿನೊಳಗೆ ನಾಟಿಕೊಂಡು ತುಕ್ಕು ಹಿಡಿಯುತ್ತದೆ. 304 ಹಾಕಿಸಿಯೂ ತುಕ್ಕು ಬಂತು ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ. ಬೆಸುಗೆಯ ಸುತ್ತ ಮೂಡುವ ನೀಲಿ–ಕಂದು ಬಣ್ಣವನ್ನೂ ಪಿಕ್ಲಿಂಗ್ ಪೇಸ್ಟ್ ಎಂಬ ಆಮ್ಲದ ಮುಲಾಮು ಹಚ್ಚಿ ತೆಗೆಸಬೇಕು. ಅಲ್ಲಿ ತುಕ್ಕು ತಡೆಯುವ ಕ್ರೋಮಿಯಂನ ರಕ್ಷಣೆ ಕಳೆದುಹೋಗಿರುತ್ತದೆ.

ಸ್ಟೀಲಿನ ಮೇಲೆ ಗೀರು ಬೀಳುತ್ತದಲ್ಲ?

ಬೀಳುತ್ತದೆ, ಬೀಳಲಿ. ಮೊದಲ ಕೆಲವು ತಿಂಗಳು ಒಂದೊಂದು ಗೀರೂ ಕಣ್ಣಿಗೆ ಚುಚ್ಚುತ್ತದೆ. ಎಲ್ಲ ಕಡೆ ತುಂಬಿಕೊಂಡ ಮೇಲೆ ಅದೇ ಒಂದು ಮೃದುವಾದ ಮಂಕು ಹೊಳಪಾಗುತ್ತದೆ. ಕನ್ನಡಿಯಂತೆ ಹೊಳೆಯುವ ಹಾಳೆ ಬೇಡ, ಉದ್ದುದ್ದ ಎಳೆ ಇರುವ ಬ್ರಷ್ಡ್ ಹಾಳೆ ತನ್ನಿ, ಮತ್ತು ಯಾವಾಗಲೂ ಎಳೆಯ ದಿಕ್ಕಿನಲ್ಲೇ ಒರೆಸಿ. ಗೀರಿಗಿಂತ ಹೆಚ್ಚು ಹೆದರಬೇಕಾದದ್ದು ಕ್ಲೋರಿನ್ ಬ್ಲೀಚಿಗೆ. ಅದು ಸೂಜಿಮೊನೆಯಷ್ಟು ಗುಳಿ ಕೊರೆಯುತ್ತದೆ, ಆ ಗುಳಿಯನ್ನು ಸರಿಪಡಿಸಲಾಗದು.

ಕಾಂಕ್ರೀಟ್ ಕಟ್ಟೆ ಹೇಗೆ?

ನೋಡಲು ತುಂಬ ಚೆಂದ, ಸಾಕಲು ಕಷ್ಟ. 40 ಮಿ.ಮೀ. ದಪ್ಪದ ಹಾಸು ಚದರ ಮೀಟರಿಗೆ ಸುಮಾರು 95 ಕೆ.ಜಿ. ತೂಗುತ್ತದೆ, ಆದ್ದರಿಂದ ಕೆಳಗಿನ ಚೌಕಟ್ಟು ಅದಕ್ಕೆ ತಕ್ಕ ಹಾಗಿರಬೇಕು. ನಿಂಬೆರಸ, ವಿನೆಗರ್ ಬಿದ್ದರೆ ಸಿಮೆಂಟನ್ನು ತಿಂದು ಒರಟು ಮಚ್ಚೆ ಬಿಡುತ್ತವೆ. ಸೀಲರ್ ಇದ್ದರೆ ಒರೆಸಲು ಒಂದಿಷ್ಟು ಸಮಯ ಸಿಗುತ್ತದೆ, ಅಷ್ಟೇ. ಜೊತೆಗೆ ಎರಕ ಹೊಯ್ದು ಸುಮಾರು 28 ದಿನ ಹದವಾಗಲು ಬಿಟ್ಟು ಸೀಲ್ ಮಾಡಬೇಕು. ಒಳಗೆ ತೇವ ಉಳಿದಿರುವಾಗಲೇ ಸೀಲರ್ ಹಚ್ಚಿದರೆ ಪದರ ಬೆಳ್ಳಗಾಗಿ ಏಳುತ್ತದೆ. ದಿನವೂ ಭಾರಿ ಅಡುಗೆ ನಡೆಯುವ ಮನೆಯಾದರೆ ಕೆಲಸದ ಕಟ್ಟೆಗೆ ಸ್ಟೀಲು ಹಾಕಿಸಿ, ಊಟದ ಕಟ್ಟೆಗೆ ಅಥವಾ ನೆಲಕ್ಕೆ ಕಾಂಕ್ರೀಟ್ ಇಟ್ಟುಕೊಳ್ಳಿ. ನಮ್ಮ ಸಲಹೆ ಇದೇ.

ಪೈಪಿನ ಶೆಲ್ಫ್ ನಾವೇ ಮಾಡಿಕೊಳ್ಳಬಹುದೇ? ಏನೇನು ಬೇಕು?

ಖಂಡಿತ ಮಾಡಿಕೊಳ್ಳಬಹುದು. 900 ಮಿ.ಮೀ. ಉದ್ದ, 250 ಮಿ.ಮೀ. ಅಗಲದ ಒಂದು ಶೆಲ್ಫಿಗೆ: ಮುಕ್ಕಾಲು ಇಂಚಿನ ಕಪ್ಪು ಕಬ್ಬಿಣದ ಪೈಪು, ಎರಡೂ ತುದಿಗೆ ಥ್ರೆಡ್ ಹಾಕಿದ 250 ಮಿ.ಮೀ. ತುಂಡುಗಳು 2, ಪೈಪನ್ನು ಗೋಡೆಗೆ ಹಿಡಿಸುವ ನಾಲ್ಕು ತೂತಿನ ಬಿಲ್ಲೆ, ಅಂದರೆ ಫ್ಲ್ಯಾಂಜ್ 2, ತುದಿ ಮುಚ್ಚುವ ಕ್ಯಾಪ್ 2, ಹಲಗೆಯನ್ನು ಹಿಡಿಯುವ ಯು ಆಕಾರದ ಕ್ಲಾಂಪ್ 4, 32 ಮಿ.ಮೀ. ದಪ್ಪದ ಹಲಗೆ 1; ಗೋಡೆಯೊಳಗೆ ಸ್ಕ್ರೂ ಕಚ್ಚಿ ಹಿಡಿಯುವ ಆಂಕರ್ 8. ಮುಕ್ಕಾಲು ಇಂಚು ಎನ್ನುವುದು ಪೈಪಿನ ಹೆಸರು ಮಾತ್ರ. ಅದರ ಹೊರ ಅಳತೆ 26.7 ಮಿ.ಮೀ. ಇರುತ್ತದೆ, ಕ್ಲಾಂಪ್ ಕೊಳ್ಳುವಾಗ ಆ ಅಳತೆ ನೋಡಿ.

ಪೈಪಿನ ಮೇಲೆ ಕಪ್ಪನೆಯ ಎಣ್ಣೆ ಮೆತ್ತಿರುತ್ತದೆ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ, ಬಟ್ಟೆ ಬೆಳ್ಳಗೆ ಬರುವವರೆಗೂ ಒರೆಸಿ. ಆಮೇಲೆ ಸಣ್ಣ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಮಂಕು ಲ್ಯಾಕರ್ ಎರಡು ತೆಳು ಕೈ ಹೊಡೆಯಿರಿ. ಈ ಹೆಜ್ಜೆ ಬಿಟ್ಟವರ ಹಲಗೆಯಲ್ಲಿ ವಾರದೊಳಗೆ ಕರಿ ಉಂಗುರ ಕಾಣುತ್ತದೆ.

ಈಗ ಜೋಡಣೆ. ಪೈಪಿನ ಥ್ರೆಡ್ ತುದಿಗೆ ಹೋಗುತ್ತಾ ಸಪೂರವಾಗುವಂಥದ್ದು, ಹಾಗಾಗಿ ಎರಡು ಫ್ಲ್ಯಾಂಜುಗಳು ಒಂದೇ ಆಳಕ್ಕೆ ಬಿಗಿಯುವುದಿಲ್ಲ. ಎಡಗಡೆಯ ಪೈಪು ಬಲಗಡೆಗಿಂತ 3–5 ಮಿ.ಮೀ. ಹೊರಗೆ ನಿಂತು ಶೆಲ್ಫ್ ಸೊಟ್ಟಗೆ ಕಾಣುತ್ತದೆ. ಗೋಡೆಗೆ ಗುರುತು ಹಾಕುವ ಮೊದಲೇ ಎರಡನ್ನೂ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಎತ್ತರ ಒಂದೇ ಆಗುವವರೆಗೆ ಬಿಗಿಯಿರಿ. ಫ್ಲ್ಯಾಂಜನ್ನು ಗೋಡೆಗೆ ಹಿಡಿಯುವಾಗ ಎರಡು ತೂತು ಮೇಲೆ, ಎರಡು ಕೆಳಗೆ ಬರಲಿ. ವಜ್ರಾಕಾರದಲ್ಲಿ ಹಿಡಿದರೆ ಭಾರವೆಲ್ಲ ಮೇಲಿನ ಒಂದೇ ಸ್ಕ್ರೂ ಮೇಲೆ ಬೀಳುತ್ತದೆ.

ಆ ಭಾರ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಒಂದು ಪೈಪಿಗೆ 20 ಕೆ.ಜಿ. ಬಿತ್ತು, ಅದು ಗೋಡೆಯಿಂದ 12.5 ಸೆಂ.ಮೀ. ದೂರದಲ್ಲಿದೆ ಎನ್ನೋಣ. ಫ್ಲ್ಯಾಂಜಿನ ಕೆಳ ಅಂಚಿನಿಂದ ಮೇಲಿನ ಸ್ಕ್ರೂಗಳಿಗೆ ಇರುವ ಅಂತರ ಸುಮಾರು 6 ಸೆಂ.ಮೀ. ಅಂದರೆ ಮೇಲಿನ ಎರಡು ಸ್ಕ್ರೂಗಳನ್ನು 40 ಕೆ.ಜಿ.ಗೂ ಮಿಕ್ಕಿದ ಬಲ ಹೊರಕ್ಕೆ ಕೀಳುತ್ತಿರುತ್ತದೆ. ಪ್ಲಾಸ್ಟರಿನಲ್ಲಿ ಮಾತ್ರ ಹಿಡಿದಿರುವ ಪ್ಲಾಸ್ಟಿಕ್ ಪ್ಲಗ್ ಇದನ್ನು ತಾಳಲಾರದು. ಆಂಕರ್ ಪ್ಲಾಸ್ಟರ್ ದಾಟಿ ಗಟ್ಟಿ ಇಟ್ಟಿಗೆಯೊಳಗೆ ಕನಿಷ್ಠ 50 ಮಿ.ಮೀ. ಇಳಿಯಬೇಕು, ಇಟ್ಟಿಗೆಗಳ ನಡುವಿನ ಗಾರೆಗೆ ತೂತು ಬೀಳಬಾರದು. ಟೊಳ್ಳು ಬ್ಲಾಕಿನ ಅಥವಾ ಜಿಪ್ಸಂ ಗೋಡೆಯಾದರೆ ಗೋಡೆಯನ್ನು ನಂಬಬೇಡಿ, ಪೈಪಿನ ಕಾಲನ್ನು ಕೆಳಗಿನ ಕಟ್ಟೆಗೋ ನೆಲಕ್ಕೋ ಇಳಿಸಿ. ಊಟದ ಪಿಂಗಾಣಿ ತಟ್ಟೆ ಹತ್ತು ಸೇರಿದರೆ 6–7 ಕೆ.ಜಿ. ಆಗುತ್ತದೆ ಎಂಬುದು ನೆನಪಿರಲಿ.

ಹಲಗೆ ನಡುವೆ ಬಾಗದಿರಲು ಎಷ್ಟು ದಪ್ಪ ಬೇಕು?

ದಪ್ಪ 25ರಿಂದ 32 ಮಿ.ಮೀ.ಗೆ ಏರಿದರೆ ಬಾಗುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅದೇ ಸಾಮಾನಿನ ಸಾಲನ್ನು ಉದ್ದಕ್ಕೂ ಜೋಡಿಸುತ್ತ ಆಸರೆಗಳ ಅಂತರವನ್ನು 900ರಿಂದ 1200 ಮಿ.ಮೀ.ಗೆ ಹೆಚ್ಚಿಸಿದರೆ ಬಾಗುವುದು ಮೂರು ಪಟ್ಟಿಗೂ ಹೆಚ್ಚು. ಉದ್ದ ಬೇಕಿದ್ದರೆ ನಡುವೆ ಇನ್ನೊಂದು ಪೈಪು ಕೊಡಿ, ಹಲಗೆಯನ್ನು ದಪ್ಪ ಮಾಡುವುದಕ್ಕಿಂತ ಅದು ಸುಲಭ.

ಮರಕ್ಕೆ ಎಣ್ಣೆ ಹಚ್ಚಬೇಕೇ, ವಾರ್ನಿಶ್ ಸಾಕೇ?

ಮೇಣ ಸೇರಿದ ಹಾರ್ಡ್‌ವ್ಯಾಕ್ಸ್ ಎಣ್ಣೆ ಒಳ್ಳೆಯದು. ಕಲೆಯಾದ ಜಾಗವನ್ನಷ್ಟೇ ಉಜ್ಜಿ ಮತ್ತೆ ಹಚ್ಚಬಹುದು. ವಾರ್ನಿಶ್ ಆದರೆ ಒಂದೆಡೆ ಎದ್ದರೂ ಪೂರ್ತಿ ಕೆರೆಯಬೇಕು. ಒಂದು ಎಚ್ಚರಿಕೆ, ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ: ಅಗಸೆ ಎಣ್ಣೆ ಅಥವಾ ಅದು ಸೇರಿದ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬೆಂಕಿ ಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗಲು ದಾರಿ ಇರುವುದಿಲ್ಲ. ಬಟ್ಟೆಯನ್ನು ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಮಾಮೂಲಿ ಕಬ್ಬಿಣಕ್ಕೆ ತುಕ್ಕು ಬಾರದಂತೆ ಏನು ಮಾಡಬೇಕು?

ಪುಡಿ ಬಣ್ಣದ ಲೇಪ, ಅಂದರೆ ಪೌಡರ್ ಕೋಟಿಂಗ್, ಎಲ್ಲಕ್ಕಿಂತ ಬಾಳಿಕೆ ಬರುತ್ತದೆ. 60–80 ಮೈಕ್ರಾನ್ ಪದರ ಸಾಕು. ಆದರೆ ಅದು ಸುಮಾರು 180–200 ಡಿಗ್ರಿಯ ಒಲೆಯಲ್ಲಿ ಬೇಯಬೇಕು, ಹಾಗಾಗಿ ಎಲ್ಲ ತೂತು, ಎಲ್ಲ ಬೆಸುಗೆ ಮೊದಲೇ ಮುಗಿದಿರಬೇಕು. ಜೋಡಿಸುವಾಗ ಒಂದು ತೂತು ಹೊಸದಾಗಿ ಕೊರೆದರೂ ತುಕ್ಕು ಅಲ್ಲಿಂದಲೇ ಶುರು. ಚೌಕ ಪೈಪಿನ ತೆರೆದ ತುದಿಗಳನ್ನು ಮುಚ್ಚಿಸಿ, ಕಾಲಿನ ಅಡಿಗೆ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾದ ಹಾಕಿಸಿ. ನೆಲ ಒರೆಸಿದ ನೀರು ಕಾಲಿನೊಳಕ್ಕೆ ಏರಿ ಒಳಗಿನಿಂದ ತಿನ್ನುತ್ತದೆ. ಬಣ್ಣವಿಲ್ಲದೆ ಬರೀ ಮೇಣ ಹಚ್ಚಿದ ಕಪ್ಪು ಕಬ್ಬಿಣವನ್ನು ಸಿಂಕಿನಿಂದ ದೂರವಿಡಿ. ಸತು ಲೇಪಿಸಿದ ಕಬ್ಬಿಣದ ಪೈಪನ್ನು (ಜಿಐ) ಬೆಸೆಯಬೇಕಾಗಿ ಬಂದರೆ ಆ ಜಾಗದ ಸತುವಿನ ಲೇಪ ಮೊದಲೇ ತೆಗೆಸಿ, ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ.

ಇಟ್ಟಿಗೆ ಗೋಡೆಯನ್ನು ಪ್ಲಾಸ್ಟರ್ ಕೆರೆದು ತೆರೆಯಬಹುದೇ?

ಮೊದಲು ಒಂದು ಅಡಿ ಚೌಕದಷ್ಟು ಕೆರೆದು ನೋಡಿ. ಪ್ಲಾಸ್ಟರಿನಡಿ ಹೋಗುವ ಗೋಡೆ ಎಂದು ಗೊತ್ತಿದ್ದವರು ಚೆಂದಕ್ಕೆ ಕಟ್ಟಿರುವುದಿಲ್ಲ, ಮುರಿದ ಇಟ್ಟಿಗೆ, ಅಡ್ಡಾದಿಡ್ಡಿ ಗಾರೆ ಸಿಗುವುದೇ ಹೆಚ್ಚು. ಹಾಗಿದ್ದರೆ ಪ್ಲಾಸ್ಟರ್ ಬಿಟ್ಟು ಅದರ ಮೇಲೆ 15–20 ಮಿ.ಮೀ. ದಪ್ಪದ ಇಟ್ಟಿಗೆ ಬಿಲ್ಲೆ ಅಂಟಿಸುವುದು ಮೇಲು.

ತೆರೆದ ಇಟ್ಟಿಗೆಗೆ ಸಿಲೇನ್–ಸಿಲಾಕ್ಸೇನ್ ಜಾತಿಯ, ಒಳಗೆ ಇಂಗುವ ಸೀಲರ್ ಹಚ್ಚಿ. ಮೇಲೆ ಹೊಳೆಯುವ ಪದರ ಕಟ್ಟುವ ಸೀಲರ್ ತೇವವನ್ನು ಒಳಗೇ ಹಿಡಿದಿಟ್ಟು ಇಟ್ಟಿಗೆಯ ಮುಖವನ್ನೇ ಸಿಪ್ಪೆಯಂತೆ ಎಬ್ಬಿಸುತ್ತದೆ. ಬಿಳಿ ಉಪ್ಪಿನ ಪುಡಿ ಮೂಡಿದರೆ ಒಣ ಬ್ರಷ್ಷಿನಿಂದ ಉಜ್ಜಿ; ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಮತ್ತೆ ಮತ್ತೆ ಬರುತ್ತಿದ್ದರೆ ಎಲ್ಲೋ ನೀರು ಸೋರುತ್ತಿದೆ ಎಂದರ್ಥ, ಅದನ್ನು ಹುಡುಕದೆ ಸೀಲರ್ ಹಚ್ಚಬೇಡಿ.

ಒಲೆಯ ಹಿಂದೆ ಮಾತ್ರ ಬರೀ ಇಟ್ಟಿಗೆ ಬೇಡ. ಒಗ್ಗರಣೆಯಿಂದ ಸಿಡಿದ ಒಂದೇ ಹನಿ ಎಣ್ಣೆ ಇಟ್ಟಿಗೆಯ ಮೇಲೆ ಬಿದ್ದರೆ ಮೊದಲು ಚುಕ್ಕೆ, ಕ್ಷಣದಲ್ಲಿ ಅಂಚು ಹರಡಿ ನಾಣ್ಯದಷ್ಟು ಕರಿ ಮಚ್ಚೆ; ಅಷ್ಟರಲ್ಲಿ ಅದು ಒರೆಸುವ ಬಟ್ಟೆಗೆ ಸಿಗದಷ್ಟು ಒಳಗಿರುತ್ತದೆ. ಒಲೆಯ ಅಗಲಕ್ಕೆ, ಚಿಮಣಿಯವರೆಗೆ ಒಂದು ಸ್ಟೀಲ್ ಹಾಳೆ ಅಥವಾ ಟಫನ್ಡ್ ಗಾಜು ನಿಲ್ಲಿಸಿ.

ಹಳೆಯ ಕಾರ್ಖಾನೆ ಸಾಮಾನು, ಪ್ಯಾಲೆಟ್ ಮರ ಬಳಸಬಹುದೇ?

ನೋಡಿ ತರಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿ ಪುಡಿ ಎಬ್ಬಿಸಬೇಡಿ, ಮೊದಲು ಪರೀಕ್ಷಿಸಿ. ಹಳೆಯ ಪೈಪಿನ ಸುತ್ತ ಸುತ್ತಿದ ಬಿಳಿ ನಾರಿನಂಥ ಹೊದಿಕೆ ಆಸ್ಬೆಸ್ಟಾಸ್ ಇರಬಹುದು, ಅದನ್ನು ಮುಟ್ಟದೆ ಬಿಡಿ. ಪ್ಯಾಲೆಟ್ಟಿನ ಮೇಲೆ ಎಚ್‌ಟಿ ಎಂಬ ಮುದ್ರೆ ಇದ್ದರೆ ಬಿಸಿಯಿಂದ ಸಂಸ್ಕರಿಸಿದ್ದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು, ಅಡುಗೆಮನೆಗೆ ಬೇಡವೇ ಬೇಡ. ಎಚ್‌ಟಿ ಇದ್ದರೂ ಅದರ ಮೇಲೆ ಏನು ಚೆಲ್ಲಿತ್ತೋ ಗೊತ್ತಾಗದು. ಆಹಾರ ತಾಗುವ ಜಾಗಕ್ಕೆ ಹೊಸ ಮರವೇ ಸರಿ.

ಹೋಟೆಲಿನ ದೊಡ್ಡ ಒಲೆಯನ್ನೇ ತಂದರೆ?

ಬೇಡ. ಮನೆಯ ದೊಡ್ಡ ಬರ್ನರ್ ಸಾಮಾನ್ಯವಾಗಿ 3–5 ಕಿಲೋವ್ಯಾಟ್, ಹೋಟೆಲಿನದು 7–9 ಕಿಲೋವ್ಯಾಟ್. ಅದರ ಮೈ ಸುಡುವಷ್ಟು ಕಾಯುತ್ತದೆ, ಪಕ್ಕದ ಮರದ ಕಪಾಟಿಗೆ ಅಪಾಯ. ಹೋಟೆಲಿನಿಂದ ತರಬಹುದಾದದ್ದು ಸ್ಟೀಲ್ ಮೇಜು, ಆಳದ ಸಿಂಕು, ತಂತಿಯ ರ‍್ಯಾಕು, ಬಗ್ಗುವ ಸ್ಪ್ರಿಂಗ್ ನಲ್ಲಿ.

ಚಿಮಣಿ ಎಷ್ಟು ಶಕ್ತಿಯದು ಬೇಕು? ತೆರೆದ ಶೆಲ್ಫಿಗೆ ಜಿಡ್ಡು ಹಿಡಿಯುವುದಿಲ್ಲವೇ?

ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 10ರಿಂದ ಗುಣಿಸಿ. 4×3×3 ಮೀಟರಿನ ಕೋಣೆಗೆ ಗಂಟೆಗೆ 360 ಘನ ಮೀಟರ್ ಕನಿಷ್ಠ. ಹುರಿಯುವುದು, ಕರಿಯುವುದು ಹೆಚ್ಚಿದ್ದರೆ ಅದರ ಒಂದೂವರೆ ಪಟ್ಟು. ಕೊಳವೆ 150 ಮಿ.ಮೀ. ವ್ಯಾಸದ್ದಿರಲಿ, ತಿರುವು ಕಡಿಮೆ ಇರಲಿ. ಹೊಳೆಯುವ ಕೊಳವೆಯನ್ನು ತೋರಿಸಲೆಂದು ಕೋಣೆಯಿಡೀ ಸುತ್ತಿಸಿದರೆ ಎಳೆತ ಸತ್ತುಹೋಗುತ್ತದೆ. ಗ್ಯಾಸ್ ಒಲೆಯಿಂದ ಚಿಮಣಿಗೆ ಸಾಮಾನ್ಯವಾಗಿ 650–750 ಮಿ.ಮೀ. ಅಂತರ ಇರಬೇಕು, ಯಂತ್ರದ ಕೈಪಿಡಿ ಬೇರೆ ಹೇಳಿದ್ದರೆ ಅದೇ ಕೊನೆಯ ಮಾತು.

ತೆರೆದ ಶೆಲ್ಫಿಗೆ ಜಿಡ್ಡು ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ದಿನವೂ ತೊಳೆಯುವ ತಟ್ಟೆ, ಲೋಟ ಅಲ್ಲಿರಲಿ. ವರ್ಷಕ್ಕೆ ಎರಡು ಸಲ ತೆಗೆಯುವ ಪಾತ್ರೆಗಳು ಮುಚ್ಚಿದ ಕಪಾಟಿಗೆ ಹೋಗಲಿ. ಒಲೆಯ ಎರಡೂ ಬದಿಗೆ ಅರ್ಧ ಮೀಟರ್ ಒಳಗೆ ತೆರೆದ ಶೆಲ್ಫ್ ಬೇಡ.

ವೈರಿನ ಪೈಪನ್ನು ಗೋಡೆಯ ಮೇಲೆ ಕಾಣುವಂತೆ ಬಿಡಬಹುದೇ?

ಬಿಡಬಹುದು, ಆದರೆ ಲೋಹದ ಕಾಂಡ್ಯೂಟ್, ಲೋಹದ ಸ್ವಿಚ್ ಪೆಟ್ಟಿಗೆ, ಲೋಹದ ದೀಪ ಎಲ್ಲಕ್ಕೂ ಅರ್ಥಿಂಗ್ ಆಗಲೇಬೇಕು. ಅದಿಲ್ಲದಿದ್ದರೆ ಒಳಗೆ ಒಂದು ವೈರಿನ ಸಿಪ್ಪೆ ಕಿತ್ತುಹೋದರೂ ಇಡೀ ಪೈಪಿಗೆ ಕರೆಂಟು ಬರುತ್ತದೆ, ಎದುರಿಗೆ ಒದ್ದೆ ಕೈ ಸ್ಟೀಲ್ ಕಟ್ಟೆಯ ಮೇಲಿರುತ್ತದೆ. ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕತ್ತರಿಸಿದ ಪೈಪಿನ ತುದಿಯನ್ನು ಅರದಿಂದ ಉಜ್ಜಿ ಪ್ಲಾಸ್ಟಿಕ್ ಬುಶ್ ಹಾಕದೆ ವೈರು ಎಳೆಯಬಾರದು. ಇದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಎಳೆ ಕಾಣುವ ಬಲ್ಬುಗಳು ಸಾಕಾಗುತ್ತವೆಯೇ?

ಇಲ್ಲ. ಅವು ಕಣ್ಣು ಕುಕ್ಕುತ್ತವೆ, ಕಟ್ಟೆಯ ಮೇಲೆ ನಿಮ್ಮದೇ ನೆರಳು ಬೀಳುತ್ತದೆ. ತೂಗುದೀಪ ಕಟ್ಟೆಯಿಂದ 750–850 ಮಿ.ಮೀ. ಮೇಲಿರಲಿ, ಬಲ್ಬನ್ನು ಮುಚ್ಚುವಷ್ಟು ಆಳದ ಲೋಹದ ಟೋಪಿ ಇರಲಿ, ಬೆಳಕಿನ ಬಣ್ಣ 2700–3000 ಕೆಲ್ವಿನ್, ಅಂದರೆ ಬೆಚ್ಚನೆಯ ಹಳದಿ. ಕೆಲಸಕ್ಕೆ ಬೇರೆ ದೀಪ ಬೇಕೇ ಬೇಕು: ಶೆಲ್ಫಿನ ಅಡಿಯ ಮುಂದಿನ ಅಂಚಿಗೆ ಎಲ್‌ಇಡಿ ಪಟ್ಟಿ, ಬಣ್ಣ ನಿಖರವಾಗಿ ತೋರುವ ಸಿಆರ್‌ಐ 90ರ ಮೇಲಿನದು.

ಸದ್ದು ಮೊಳಗುತ್ತದೆ, ಏನು ಮಾಡುವುದು?

ಗಟ್ಟಿ ಮೇಲ್ಮೈ ಎಲ್ಲವೂ ಸದ್ದನ್ನು ತಿರುಗಿಸಿ ಎಸೆಯುತ್ತವೆ. ದಪ್ಪ ಪರದೆ, ಸೂರಿಗೆ ಫೆಲ್ಟ್ ಹಲಗೆ, ಕುರ್ಚಿಯ ಕಾಲಿಗೆ ರಬ್ಬರ್, ಸಿಂಕಿನ ಅಡಿಗೆ ಸದ್ದು ತಗ್ಗಿಸುವ ಅಂಟುಹಾಳೆ. ಇವುಗಳಲ್ಲಿ ಸೂರಿನ ಫೆಲ್ಟೇ ಹೆಚ್ಚು ವ್ಯತ್ಯಾಸ ಮಾಡುತ್ತದೆ.

ಎತ್ತರ, ಅಂತರಗಳು ಎಷ್ಟಿರಬೇಕು?

ಕಟ್ಟೆ ನಿಮ್ಮ ಮೊಣಕೈಗಿಂತ 10–15 ಸೆಂ.ಮೀ. ಕೆಳಗೆ, ಬಹಳ ಜನರಿಗೆ ಅದು 850–900 ಮಿ.ಮೀ. ಆಗುತ್ತದೆ. ಕಟ್ಟೆಯ ಆಳ 600, ಮೊದಲ ಶೆಲ್ಫ್ ಕಟ್ಟೆಯಿಂದ 450–500, ಓಡಾಡುವ ದಾರಿ 1000ರಿಂದ 1200 ಮಿ.ಮೀ. ಸ್ಟೀಲ್ ಮೇಜಿಗೆ ಎತ್ತರ ಹೊಂದಿಸಬಹುದಾದ ಪಾದ ಇದ್ದರೆ ನೆಲ ಓರೆ ಇದ್ದರೂ ಚಿಂತೆಯಿಲ್ಲ.

ಬಾಡಿಗೆ ಮನೆ, ಗೋಡೆ ಮುಟ್ಟುವ ಹಾಗಿಲ್ಲ. ಏನಾದರೂ ಮಾಡಬಹುದೇ?

ಧಾರಾಳವಾಗಿ. ಬಿಡಿ ಸ್ಟೀಲ್ ಮೇಜು, ತಂತಿಯ ರ‍್ಯಾಕು, ಗಾಲಿ ಇರುವ ಕೆಲಸದ ಬಂಡಿ, ಇವು ಮೂರಿದ್ದರೆ ಅರ್ಧ ಅಡುಗೆಮನೆ ಆಯಿತು. ಮನೆ ಬಿಡುವಾಗ ನಿಮ್ಮ ಜೊತೆಗೇ ಬರುತ್ತವೆ. ಗಾಲಿ 100 ಮಿ.ಮೀ. ವ್ಯಾಸದ್ದಿರಲಿ, ಚಿಕ್ಕ ಗಾಲಿ ಟೈಲ್ಸಿನ ಸಂದಿಗೆ ತಡವರಿಸುತ್ತದೆ. ನಾಲ್ಕರಲ್ಲಿ ಎರಡಕ್ಕಾದರೂ ಬ್ರೇಕ್ ಬೇಕು, ಇಲ್ಲದಿದ್ದರೆ ಹೆಚ್ಚುವಾಗ ಬಂಡಿ ಜಾರುತ್ತದೆ. ರ‍್ಯಾಕಿನಲ್ಲಿ ಭಾರದ ಪಾತ್ರೆಗಳು ಕೆಳಗಿನ ಎರಡು ಅಂತಸ್ತಿನಲ್ಲೇ ಇರಲಿ. ರ‍್ಯಾಕು ಎತ್ತರವಾಗಿದ್ದು ಮಕ್ಕಳಿರುವ ಮನೆಯಾದರೆ, ಮಾಲೀಕರ ಒಪ್ಪಿಗೆ ಕೇಳಿಯಾದರೂ ಒಂದೇ ಒಂದು ಸ್ಕ್ರೂ ಹಾಕಿ ಅದನ್ನು ಗೋಡೆಗೆ ಕಟ್ಟಿ.